ಸಂಜೆಗೆ ಮರಳುವಷ್ಟು ದೂರದ ಜಮೀನು

ಕರ್ನಾಟಕದಲ್ಲಿ ಜಮೀನು ಕೊಳ್ಳಲು ಹೊರಟವರಿಗೆ 1974ರಿಂದ 2020ರವರೆಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಕೈಯಲ್ಲಿ ಹಣ ಎಷ್ಟಿದೆ ಎಂಬುದಲ್ಲ, ನೀವು ರೈತರೋ ಅಲ್ಲವೋ ಎಂಬುದು. ಕೇಳುವವರಿಗೆ ಅದು ಸುಲಭದ ಪ್ರಶ್ನೆ. ಉತ್ತರ ಹೇಳಬೇಕಾದವಳು ಹೆಂಗಸಾಗಿದ್ದರೆ ಮಾತ್ರ ಸ್ವಲ್ಪ ತೊಡಕು. ನಾನು ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿದವಳು. ರಾಗಿ ಪೈರು ನೆಟ್ಟಿದ್ದೇನೆ, ಕಳೆ ಕಿತ್ತಿದ್ದೇನೆ, ಕಣದಲ್ಲಿ ನಿಂತು ರಾಗಿ ತೂರಿದ್ದೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿಕೊಂಡದ್ದು ಜೋಳದ ಹೊಲದ ಅಟ್ಟಣೆಯ ಮೇಲೆ, ಗಿಳಿ ಓಡಿಸುತ್ತ. ಆದರೆ 1997ರಲ್ಲಿ ನೋಂದಣಿ ಕಚೇರಿಯೊಂದರಲ್ಲಿ ವಿಚಾರಿಸಿದಾಗ ಅಲ್ಲಿಯ ಗುಮಾಸ್ತರು ಕೇಳಿದ್ದು ಒಂದೇ ಮಾತು: "ನಿಮ್ಮ ಹೆಸರಲ್ಲಿ ಪಹಣಿ ಇದೆಯಾ ಅಮ್ಮ?"

ಇರಲಿಲ್ಲ. ಪಹಣಿ ಅಪ್ಪನ ಹೆಸರಿನಲ್ಲಿತ್ತು, ಆಮೇಲೆ ಅಣ್ಣಂದಿರ ಹೆಸರಿಗೆ ಬಂದಿತ್ತು. 1988ರಲ್ಲಿ, ಅಪ್ಪ ಇರುವಾಗಲೇ, ವಿಭಾಗಪತ್ರ ನೋಂದಣಿಯಾಯಿತು. ಆ ದಿನ ನಾನೂ ಅಕ್ಕನೂ ತವರಿಗೆ ಬಂದಿದ್ದೆವು. ಗಂಡಸರು ಕಚೇರಿಗೆ ಹೋಗಿದ್ದಾಗ ನಾವು ಒಬ್ಬಟ್ಟು ತಟ್ಟುತ್ತಿದ್ದೆವು. ಸಂಜೆ ನಮಗೆ ಒಂದೊಂದು ಸೀರೆ ಕೊಟ್ಟು, ಅರಿಶಿನ ಕುಂಕುಮ ಇಟ್ಟು ಕಳಿಸಿದರು. ಅದರಲ್ಲಿ ಯಾರಿಗೂ ವಿಶೇಷವೇನೂ ಕಂಡಿರಲಿಲ್ಲ. ಒಂಬತ್ತು ವರ್ಷ ಕಳೆದ ಮೇಲೆ, ಒಂದು ಮೇಜಿನ ಮುಂದೆ ನಿಂತಾಗ, ನನ್ನ ಅಣ್ಣಂದಿರು ರೈತರು, ನಾನು ರೈತಳಲ್ಲ ಎಂದು ತಿಳಿಯಿತು.

ಆ ಕಾನೂನಿನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕರ್ನಾಟಕ ಭೂ ಸುಧಾರಣಾ ಕಾಯಿದೆ 1961ರದು, ಜಾರಿಗೆ ಬಂದದ್ದು 1965ರಲ್ಲಿ. ಅದಕ್ಕೆ ನಿಜವಾದ ಹಲ್ಲು ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ. ಗೇಣಿಗೆ ಉಳುತ್ತಿದ್ದವರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿ ಅವರಿಗೇ ಹಕ್ಕು ಕೊಡುತ್ತಿತ್ತು. ಅರ್ಜಿಗೆ ಕೊನೆಯ ದಿನವನ್ನು ಮುಂದೂಡುತ್ತ ಬಂದು 1979ರ ಜೂನ್ 30ಕ್ಕೆ ನಿಲ್ಲಿಸಿದರು. ಭೂಮಿ ಮತ್ತೆ ಉಳದವರ ಕೈಗೆ ಜಾರಬಾರದೆಂದು 79ಎ, 79ಬಿ, 80 ಎಂಬ ಕಲಮುಗಳು. ಬೇಸಾಯವಲ್ಲದ ಬೇರೆ ಮೂಲದಿಂದ ಇಂತಿಷ್ಟಕ್ಕಿಂತ ಹೆಚ್ಚು ವರಮಾನ ಇರುವವರು ಜಮೀನು ಕೊಳ್ಳುವಂತಿಲ್ಲ. ಬೇಸಾಯ ಮಾಡದವರಿಗೆ ಮಾರುವಂತೆಯೂ ಇಲ್ಲ. ಆ ವರಮಾನದ ಮಿತಿ ಮೊದಲು ವರ್ಷಕ್ಕೆ 12,000 ರೂಪಾಯಿ ಇತ್ತು. ಏರುತ್ತ ಬಂದು 1995ರಲ್ಲಿ 2 ಲಕ್ಷವಾಯಿತು, 2015ರಲ್ಲಿ 25 ಲಕ್ಷ.

ಈ ಕಾನೂನನ್ನು ನಾನು ಹಳಿಯುವವಳಲ್ಲ. ನಮ್ಮ ಊರಿನಲ್ಲೇ ಇನಾಂದಾರರ ಮನೆಗೆ ಗೇಣಿ ಅಳೆದು ಬಸವಳಿದಿದ್ದ ಸಂಸಾರಗಳು ಸ್ವಂತ ಹೊಲ ಕಂಡದ್ದನ್ನು ನೋಡಿದ್ದೇನೆ. ಆದರೆ ಉಳುವವನೇ ಹೊಲದೊಡೆಯ ಎಂಬ ಘೋಷಣೆಯಲ್ಲಿ ವ್ಯಾಕರಣ ಕೂಡ ಪುಲ್ಲಿಂಗವೇ. ನಮ್ಮ ಊರಿನಲ್ಲಿ 7ನೇ ನಮೂನೆಗೆ ಹೆಬ್ಬೆಟ್ಟು ಒತ್ತಿದವರೆಲ್ಲ ಮನೆಯ ಯಜಮಾನರು. ನಾಟಿ, ಕಳೆ, ಕುಯಿಲು, ತೂರುವುದು, ಬಿತ್ತನೆ ಬೀಜ ಕಾಪಾಡುವುದು, ಇವನ್ನೆಲ್ಲ ಮಾಡಿದ ಕೈಗಳಿಗೆ ಆ ನಮೂನೆಯಲ್ಲಿ ಜಾಗ ಸಿಗಲಿಲ್ಲ.

ನಮ್ಮವರಿಗೆ ಅಂಚೆ ಕಚೇರಿಯಲ್ಲಿ ಕೆಲಸ, ನನಗೆ ಬೆಂಗಳೂರಿನ ದಂಡು ಪ್ರದೇಶದ ಒಂದು ಹೈಸ್ಕೂಲಿನಲ್ಲಿ ಪಾಠ. ಇಬ್ಬರ ಸಂಬಳ ಸೇರಿಸಿದರೂ ವರ್ಷಕ್ಕೆ ಎರಡು ಲಕ್ಷ ಮುಟ್ಟುತ್ತಿರಲಿಲ್ಲ. ನಾಗಮಂಗಲದ ಕಡೆ ಮಾವನವರ ಜಮೀನಿನ ಪಹಣಿ ಇತ್ತು, ಅದರಲ್ಲಿ ನಮ್ಮವರಿಗೆ ಪಾಲಿತ್ತು. ಆದ್ದರಿಂದ ಅವರು ರೈತ ಕುಟುಂಬದವರು. ಕೊಳ್ಳುವ ಹಣ ಬರಬೇಕಾಗಿದ್ದುದು ನನ್ನ ಭವಿಷ್ಯನಿಧಿಯಿಂದ, ಶಿಕ್ಷಕರ ಸಹಕಾರ ಸಂಘದ ಸಾಲದಿಂದ, ಮತ್ತು ಒಂದು ಜೊತೆ ಬಳೆಯಿಂದ. ಹೆಸರು ಮಾತ್ರ ಅವರದು ಎಂದು ನಿಶ್ಚಯವಾಯಿತು. "ಯಾರ ಹೆಸರಾದರೇನು, ಇಬ್ಬರದೂ ತಾನೆ?" ಎಂದರು. ನಿಜ. ಆದರೂ ಯಾರ ಹೆಸರಾದರೂ ಒಂದೇ ಎನ್ನುವ ಮಾತನ್ನು ಹೆಸರು ಇರುವವರೇ ಏಕೆ ಹೇಳುತ್ತಾರೆ ಎಂದು ನನಗೆ ಆಗ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನಮಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ. ಒಂದು ಎಕರೆ. ಬೆಳಿಗ್ಗೆ ಹೊರಟರೆ ಮೊದಲ ಗಂಟೆಗೆ ಶಾಲೆ ಸೇರಬೇಕು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳಬೇಕು. ಸಾಲ ನಿವೃತ್ತಿಗೆ ಮೊದಲು ತೀರಬೇಕು. ಈ ಮೂರೂ ಒಂದೇ ಕಡೆ ಕೂಡಿಬರುವುದು ಎಷ್ಟು ಕಷ್ಟವೆಂದು ಎರಡು ವರ್ಷದ ಭಾನುವಾರಗಳಲ್ಲಿ ಕಲಿತೆವು.

ಇಂಥ ಆಸೆ ನಮ್ಮದೇ ಮೊದಲಲ್ಲ. ಪೇಟೆಯ ಪಕ್ಕದಲ್ಲಿ ತೋಟ ಮಾಡಿಕೊಂಡು ಪೇಟೆಯಿಂದ ಬದುಕುವ ಕಸುಬು ಬೆಂಗಳೂರಿನಷ್ಟೇ ಹಳೆಯದು. ತಿಗಳರು ಊರ ಸುತ್ತಲ ಕೆರೆಗಳ ನೀರಿನಲ್ಲಿ ಸೊಪ್ಪು, ತರಕಾರಿ, ಹೂವು ಬೆಳೆದು ಹೊತ್ತು ಹುಟ್ಟುವ ಮೊದಲೇ ಪೇಟೆಗೆ ಹೊರುತ್ತಿದ್ದರು. ಅವರ ಕೆರೆಗಳು ಏನಾದವೆಂದು ನಿಮಗೂ ಗೊತ್ತಿರಬಹುದು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ನಿಂತು ನಾವು ಬಸ್ಸು ಕಾಯುತ್ತೇವೆ. 1945ರಲ್ಲಿ ನಗರ ಸುಧಾರಣಾ ಮಂಡಳಿ ಬಂತು, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಒಂದೊಂದು ಬಡಾವಣೆ ಎದ್ದಾಗಲೂ ತೋಟ ಒಂದೊಂದು ಹರದಾರಿ ಹಿಂದೆ ಸರಿಯಿತು.

ರೈಲು ನೋಡಿಕೊಂಡು ಜಮೀನು ಹುಡುಕಿದವರೂ ನಮಗಿಂತ ಮುಂಚೆ ಇದ್ದರು. ದಂಡಿನಿಂದ ಜೋಲಾರಪೇಟೆಗೆ ರೈಲು ಓಡಿದ್ದು 1864ರಲ್ಲಿ. ಮೈಸೂರು ಸೀಮೆಯ ಮೊದಲ ರೈಲುದಾರಿ ಅದು. ಹದಿನೆಂಟು ವರ್ಷದ ನಂತರ, 1882ರಲ್ಲಿ, ಆ ದಾರಿಯ ಪಕ್ಕದಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಯುರೇಷಿಯನ್ನರೆಂದು ಆಗ ಕರೆಯುತ್ತಿದ್ದ ಆಂಗ್ಲೋ ಇಂಡಿಯನ್ ಜನಕ್ಕೆ ಸರ್ಕಾರಿ ನೌಕರಿಯ ಹೊರತು ಬೇರೆ ಬದುಕು ಇರಲಿಲ್ಲ. ಅವರನ್ನು ಬೇಸಾಯಗಾರರನ್ನಾಗಿ ಮಾಡಬೇಕೆಂದು ಡಿ. ಎಸ್. ವೈಟ್ ಎಂಬವರು ಮುಂದಾದರು. 1881ರಲ್ಲಷ್ಟೇ ರಾಜ್ಯವನ್ನು ಮರಳಿ ಪಡೆದಿದ್ದ ಹತ್ತನೆಯ ಚಾಮರಾಜ ಒಡೆಯರು 3,900 ಎಕರೆ ಕೊಟ್ಟರು. ಹಾಗೆ ಹುಟ್ಟಿದ ವಸಾಹತುಗಳಲ್ಲಿ ಮುಖ್ಯವಾದದ್ದಕ್ಕೆ ವೈಟ್ ಅವರ ಹೆಸರೇ ನಿಂತಿತು: ವೈಟ್‌ಫೀಲ್ಡ್. ನಡುವೆ ದುಂಡನೆಯ ಮೈದಾನ, ಸುತ್ತ ಮನೆಗಳು, ಹಿಂದೆ ತೋಟಗಳು, ಸ್ವಲ್ಪ ದೂರದಲ್ಲಿ ಕಾಡುಗೋಡಿಯ ಸ್ಟೇಷನ್ನು.

ಬೇಸಾಯ ಮಾತ್ರ ಅಂದುಕೊಂಡಂತೆ ನೆಲೆಗೊಳ್ಳಲಿಲ್ಲ. ಕ್ರಮೇಣ ವೈಟ್‌ಫೀಲ್ಡ್ ಎಂದರೆ ಪಿಂಚಣಿದಾರರು ಹೂಗಿಡ ಹಾಕಿಕೊಂಡು ಬದುಕುವ ತಣ್ಣನೆಯ ಊರಾಯಿತು. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಎಕರೆಗಟ್ಟಲೆ ನೆಲ ಸಿಕ್ಕಿದ ಮಾತ್ರಕ್ಕೆ ನೀರು ಸಿಗುವುದಿಲ್ಲ. ರಾಗಿಯ ಸೀಮೆಯಲ್ಲಿ ಮಳೆಯನ್ನು ಓದಲು ಒಂದು ತಲೆಮಾರಾದರೂ ಬೇಕು. 1990ರ ದಶಕದಲ್ಲಿ ಅಲ್ಲಿ ತಂತ್ರಜ್ಞಾನ ಪಾರ್ಕು ಬಂತು. 2023ರ ಮಾರ್ಚಿನಲ್ಲಿ ಕಾಡುಗೋಡಿಗೆ ಮೆಟ್ರೋ ಬಂತು. ನಗರದಿಂದ ದೂರವಿರಲೆಂದೇ ಕಟ್ಟಿದ ಊರಿಗೆ ಈಗ ನಗರದ ಕೊನೆಯ ನಿಲ್ದಾಣದ ಹಲಗೆ.

ನಾವು ಮೊದಲು ಹೋದದ್ದು ದೇವನಹಳ್ಳಿ ಕಡೆಗೆ. ಚಕ್ಕೋತದ ತೋಟಗಳು, ದ್ರಾಕ್ಷಿ ಚಪ್ಪರಗಳು, ಕೆಂಪು ಮಣ್ಣು. ನನಗೆ ಬಹಳ ಹಿಡಿಸಿತು. ಆದರೆ ವಿಮಾನ ನಿಲ್ದಾಣ ಬರುವುದೆಂಬ ಸುದ್ದಿ ಆಗಲೇ ಊರೂರಿಗೂ ತಲುಪಿತ್ತು. ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. ಬೆಲೆ ಮಾತ್ರ ಅದಕ್ಕೆ ಹತ್ತು ವರ್ಷ ಮೊದಲೇ ಹಾರಲು ಶುರು ಮಾಡಿತ್ತು. ಮಾಗಡಿ ಕಡೆ ಬೆಲೆ ಕೈಗೆ ಸಿಗುವಂತಿತ್ತು, ರೈಲಿರಲಿಲ್ಲ. ದೊಡ್ಡಬಳ್ಳಾಪುರದ ಕಡೆ ರೈಲೂ ಇತ್ತು, ಬೆಲೆಯೂ ಅಗ್ಗ. ಅಲ್ಲಿ ಒಂದು ಎಕರೆ ಹತ್ತು ಗುಂಟೆಯನ್ನು ನೋಡಿ ಮನಸ್ಸು ಸೋತು ಮನೆಗೆ ಬಂದೆವು.

ನಮಗೆ ಪರಿಚಯದ ಒಬ್ಬರು ವಕೀಲೆ ಇದ್ದರು. ಕಾಗದಗಳನ್ನು ಅವರ ಮುಂದೆ ಇಟ್ಟಾಗ ಅವರು ಪಹಣಿಯನ್ನು ಓದಲು ಹೇಳಿಕೊಟ್ಟರು. ಹೆಂಗಸರು ಇದನ್ನು ಕಲಿತಿರಬೇಕೆಂದು ನನ್ನ ಆಸೆ, ಅದಕ್ಕೇ ಬರೆಯುತ್ತಿದ್ದೇನೆ. 9ನೇ ಕಾಲಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಅವರಿಗೆ ಅದು ಹೇಗೆ ಬಂತೆಂಬುದು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ ಮಾಡುತ್ತಿರುವವರು ಮತ್ತು ಬೆಳೆ. 9 ಮತ್ತು 12ರ ಹೆಸರು ಬೇರೆ ಬೇರೆಯಾಗಿದ್ದರೆ ಅಲ್ಲೇ ನಿಂತು ಕೇಳಬೇಕು. ಜೊತೆಗೆ ಹಿಂದಿನ ಮ್ಯುಟೇಶನ್‌ಗಳು, ಋಣಭಾರ ಪತ್ರ, ಸರ್ವೆಯವರ ಟಿಪ್ಪಣಿ, ಪೋಡಿ ಆಗಿದೆಯೋ ಇಲ್ಲವೋ, ಖರಾಬು ಎಷ್ಟು ಗುಂಟೆ. ಆಗ ಇನ್ನೂ ಇವೆಲ್ಲ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದವು. ಅಕ್ಷರ ಅವರದು, ಶಾಯಿ ಅವರದು, ಪುಸ್ತಕವಿರುವ ಚೀಲವೂ ಅವರದು. ಅವರನ್ನು ಹಿಡಿಯಲು ಒಂದು ವಾರ ಬೇಕಾಗುತ್ತಿತ್ತು. 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿನಿಂದ ಪಹಣಿ ಹೊರಬರತೊಡಗಿದ್ದು 2001ರ ಸುಮಾರಿಗೆ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಯಾರ ದಾಕ್ಷಿಣ್ಯವೂ ಇಲ್ಲದೆ ಕಾಗದ ಕೈಗೆ ಬಂತು.

ದೊಡ್ಡಬಳ್ಳಾಪುರದ ಆ ಜಮೀನಿನ ಕಾಗದದಲ್ಲಿ ಸಿಕ್ಕಿದ್ದು ಭೂ ನ್ಯಾಯಮಂಡಳಿಯ ಒಂದು ಹಳೆಯ ಪ್ರಕರಣ. ಗೇಣಿದಾರ 7ನೇ ನಮೂನೆ ಹಾಕಿದ್ದ, ತೀರ್ಪಿನ ಮೇಲೆ ಮೇಲ್ಮನವಿ, ಅಲ್ಲಿಂದ ಮರುವಿಚಾರಣೆ, ಇಪ್ಪತ್ತು ವರ್ಷವಾದರೂ ಮುಗಿದಿರಲಿಲ್ಲ. ಮಾರುವವರು ಕೇಸು ಮುಗಿಯುವ ಮೊದಲು ಕೈತೊಳೆದುಕೊಳ್ಳುವ ಅವಸರದಲ್ಲಿದ್ದರು. ಅಗ್ಗಕ್ಕೆ ಅದೇ ಕಾರಣ.

ಇನ್ನೊಂದು ಹೊಸಕೋಟೆ ಆಚೆಯದು. ನಾಲ್ಕೆಕರೆಯಲ್ಲಿ ಎಷ್ಟು ಬೇಕಾದರೂ ಕೊಡುತ್ತೇವೆಂದು ದಲ್ಲಾಳಿ ಹೇಳಿದ. ಅಕ್ಕಪಕ್ಕದ ಬೆಲೆಯ ಅರ್ಧಕ್ಕಿಂತ ಕಡಿಮೆ. "ದರಖಾಸ್ತು ಜಮೀನು ಅಮ್ಮಾವ್ರೇ, ಸಾಗುವಳಿ ಚೀಟಿ ಎಲ್ಲಾ ಐತೆ" ಎಂದ. ಸಾಗುವಳಿ ಚೀಟಿ ಎಂದರೆ ಸರ್ಕಾರ ಭೂಮಿಯಿಲ್ಲದವರಿಗೆ ಮಂಜೂರು ಮಾಡಿದ ಜಮೀನಿನ ಪತ್ರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಹೀಗೆ ಕೊಟ್ಟ ಭೂಮಿಯನ್ನು ಷರತ್ತು ಮೀರಿ ಪರಭಾರೆ ಮಾಡಿದರೆ ಆ ಮಾರಾಟವೇ ಅಸಿಂಧು ಎಂದು 1978ರ ಕಾಯಿದೆ ಹೇಳುತ್ತದೆ. 1979ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಎಷ್ಟು ಕೈ ಬದಲಾಗಿದ್ದರೂ ಅಂಥ ಭೂಮಿ ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಬಹುದು. ವಕೀಲೆ ಇದನ್ನು ಹೇಳಿದ ಮೇಲೂ ದಲ್ಲಾಳಿ ಬಿಡಲಿಲ್ಲ: "ಅವರು ಯಾಕೆ ಕೇಸ್ ಹಾಕ್ತಾರೆ ಬಿಡಿ, ಊರಲ್ಲೇ ಇಲ್ಲ."

ಊರಲ್ಲಿ ಇದ್ದರು. ಹೊಲದ ಬದುವಿನಲ್ಲಿ ಒಬ್ಬ ಮುದುಕಿ ಎಮ್ಮೆ ಮೇಯಿಸುತ್ತಿದ್ದಳು. ಮಾತಿಗೆ ಹಚ್ಚಿದಾಗ ಇದು ತನ್ನ ಗಂಡನಿಗೆ ಕೊಟ್ಟ ಹೊಲವೇ ಎಂದಳು. ಮಗಳ ಮದುವೆಗೆ ಮೂರು ಸಾವಿರ ತಂದದ್ದಕ್ಕೆ ಹೊಲ ಹೋಯಿತಂತೆ. ಅವಳು ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ, ಆ ವರ್ಷ ಮಳೆ ಬರಲಿಲ್ಲ ಎನ್ನುವಂತೆ ಹೇಳಿದಳು. ತಾಲ್ಲೂಕಿನಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿದರೆ ಹೊಲ ಮರಳಬಹುದೆಂದು ನಾನು ಹೇಳಿದಾಗ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಎಮ್ಮೆಯ ಹಿಂದೆ ಹೋದಳು. ಅರ್ಜಿ ಹಾಕಿದಳೋ ಇಲ್ಲವೋ, ಆ ಕಡೆ ನಾವು ಮತ್ತೆ ಹೋಗಲಿಲ್ಲ.

ಆ ಹೊತ್ತಿಗೆ ನನಗೆ ಒಂದು ಲೆಕ್ಕ ಹತ್ತಿತ್ತು. ಸುತ್ತಲಿಗಿಂತ ಅಗ್ಗವಾಗಿ ಸಿಗುವ ಜಮೀನಿನಲ್ಲಿ ಯಾರದೋ ಪಾಲು ಲೆಕ್ಕಕ್ಕೆ ಸೇರಿರುವುದಿಲ್ಲ. ಗೇಣಿದಾರನದೋ, ಮಂಜೂರಿದಾರನದೋ, ಮಗಳದೋ. ಕಾಗದ ಓದುವುದೆಂದರೆ ಅದು ಯಾರದೆಂದು ಕಂಡುಹಿಡಿಯುವುದು.

ಕೊನೆಗೆ ನಮ್ಮ ಋಣ ಇದ್ದದ್ದು ಮಾಲೂರಿನ ಆಚೆ, ಅದೇ 1864ರ ರೈಲುದಾರಿಯ ಪಕ್ಕದಲ್ಲಿ. ಪ್ಯಾಸೆಂಜರ್ ಗಾಡಿ ಮಾತ್ರ ನಿಲ್ಲುವ ಸಣ್ಣ ಸ್ಟೇಷನ್ನು, ಅಲ್ಲಿಂದ ಮುಕ್ಕಾಲು ಮೈಲಿ ನಡಿಗೆ. ಕೋಲಾರದ ಸೀಮೆಗೆ ಹೊಳೆಯಿಲ್ಲ. ಕೆರೆಯೇ ಎಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಇಲ್ಲಿಯ ರಾಗಿ ಹೊಲಗಳಿಗೆಲ್ಲ ನೀಲಗಿರಿ ನುಗ್ಗಿತ್ತು. ಕೂಲಿಯ ತಾಪತ್ರಯವಿಲ್ಲ, ಕಾವಲು ಬೇಡ, ಏಳೆಂಟು ವರ್ಷಕ್ಕೊಮ್ಮೆ ಕಡಿದರೆ ದುಡ್ಡು; ಪೇಟೆಯಲ್ಲಿ ಕೆಲಸ ಹಿಡಿದ ಗಂಡುಮಕ್ಕಳಿಗೆ ಅದಕ್ಕಿಂತ ಅನುಕೂಲ ಬೇರೆ ಏನಿದೆ? ಆದರೆ ಅವರ ಮನೆಯ ಹೆಂಗಸರಿಗೆ ಹೊಲದಿಂದ ಬರುತ್ತಿದ್ದ ಸೊಪ್ಪು, ಅವರೆ, ಹುಚ್ಚೆಳ್ಳು, ದನದ ಹುಲ್ಲು ಎಲ್ಲ ಒಟ್ಟಿಗೆ ನಿಂತುಹೋಯಿತು. ನಾವು ನೋಡಿದ ಒಂದು ಎಕರೆ ನಾಲ್ಕು ಗುಂಟೆ ಕುಷ್ಕಿಯಲ್ಲಿ ನೀಲಗಿರಿ ಇರಲಿಲ್ಲ. ಬದುವಿನ ಮೇಲೆ ಒಂದು ಹುಣಸೆ ಮರ, ಎರಡು ಹೊಂಗೆ, ಮೂಲೆಯಲ್ಲಿ ಬತ್ತಿದ ಬಾವಿ. ಒಟ್ಟು ಬೆಲೆ ಒಂದು ಲಕ್ಷದ ಹತ್ತು ಸಾವಿರ.

ಮಾರುವವರು ಇಬ್ಬರು ಅಣ್ಣತಮ್ಮಂದಿರು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಾಗದ ನೋಡಿದ ವಕೀಲೆ, "ಇವರಿಗೆ ಅಕ್ಕತಂಗಿಯರಿಲ್ಲವೇ?" ಎಂದು ಕೇಳಿದರು. ಒಬ್ಬ ಅಕ್ಕ ಇದ್ದಳು, ಟೇಕಲ್ ಕಡೆ ಕೊಟ್ಟಿದ್ದರು. ಪಹಣಿಯಲ್ಲಿ ಅವಳ ಸುಳಿವೇ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರವೇ ಸತ್ತ ತಂದೆಯ ಪಾಲಿನಲ್ಲಿ ಮಗಳೂ ವಾರಸುದಾರಳು, ಅವಳ ರುಜು ಇಲ್ಲದೆ ಕೊಳ್ಳಬೇಡಿ ಎಂದರು ವಕೀಲೆ.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ನಮ್ಮ ಸೀಮೆ ಹಿಂದೆ ಬಿದ್ದದ್ದೇನೂ ಅಲ್ಲ ಎಂಬುದನ್ನು ನಾನು ಆಗಲೇ ತಿಳಿದದ್ದು. ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತ್ತು. ಒಟ್ಟು ಕುಟುಂಬದ ಆಸ್ತಿ ಭಾಗವಾಗುವಾಗ ತಾಯಿಗೂ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕೆಂದು ಅದರಲ್ಲಿತ್ತು. ಗಂಡುಮಕ್ಕಳಿಗೆ ಸಮನಾದ ಪಾಲಲ್ಲ, ಆದರೂ ಪಾಲು. ಬ್ರಿಟಿಷ್ ಇಂಡಿಯಾದಲ್ಲಿ ಆಗ ಅಷ್ಟೂ ಇರಲಿಲ್ಲ. ನಮ್ಮಜ್ಜಿ ಆ ಕಾಲದ ಹೆಂಗಸು. ಅವಳಿಗೆ ಇಂಥದೊಂದು ಕಾನೂನಿನ ಗಾಳಿಯೂ ಬೀಸಿರಲಿಲ್ಲ. ಆಮೇಲೆ 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು, ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರಿಗಿಲ್ಲ. ನನ್ನ ಮದುವೆ 1979ರಲ್ಲಿ ಆಗಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡಿಯಲ್ಲಿ ಮದುವೆಯ ಗೆರೆ ಅಳಿಸಿತು, ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಗಳನ್ನು ಮುಟ್ಟುವಂತಿಲ್ಲ. ನಮ್ಮ ಮನೆಯದು 1988ರದು. ಕಾನೂನಿನ ಒಂದೊಂದು ಬಾಗಿಲು ತೆರೆದಾಗಲೂ ನಾನು ಹೊಸ್ತಿಲಿನಿಂದ ಒಂದು ಮೊಳ ಈಚೆಗೇ ನಿಂತಿದ್ದೆ. ಇದನ್ನು ಹೇಳಿದರೆ ನನ್ನ ಅಕ್ಕ ನಗುತ್ತಾಳೆ: "ಒಬ್ಬಟ್ಟು ಚೆನ್ನಾಗಿತ್ತಲ್ಲೇ!"

ಆ ಅಣ್ಣತಮ್ಮಂದಿರಿಗೆ ಅಕ್ಕನನ್ನು ಕರೆಸಬೇಕೆಂಬುದು ಸ್ವಲ್ಪವೂ ಹಿಡಿಸಲಿಲ್ಲ. "ಅವಳಿಗೆ ಮದುವೆ ಮಾಡಿ, ಬಾಣಂತನ ಮಾಡಿ, ಎಲ್ಲ ಕೊಟ್ಟಾಗಿದೆ" ಎಂದ ದೊಡ್ಡವನು. ನಮ್ಮವರಿಗೂ ಇದು ಬೇರೆಯವರ ಮನೆಯ ವಿಷಯವೆನ್ನಿಸಿತ್ತು. ಎರಡು ತಿಂಗಳು ವ್ಯವಹಾರ ನಿಂತೇ ಹೋಯಿತು. ಅಷ್ಟರಲ್ಲಿ ಬೇರೆ ಯಾರೋ ಐದು ಸಾವಿರ ಹೆಚ್ಚು ಕೊಡುತ್ತಾರಂತೆ, ಅಕ್ಕನ ಸುದ್ದಿ ಎತ್ತುವುದಿಲ್ಲವಂತೆ ಎಂಬ ಸಮಾಚಾರವೂ ಬಂತು. ನಾನು ಪಟ್ಟು ಬಿಡಲಿಲ್ಲ. ನನ್ನ ಭವಿಷ್ಯನಿಧಿಯ ಭಯ ಅರ್ಧ, ಇನ್ನರ್ಧ ಏನೆಂದು ಹೇಳಲಾರೆ.

1999ರ ಫೆಬ್ರವರಿಯಲ್ಲಿ ಅಕ್ಕ ಬಂದಳು. ಐವತ್ತರ ಆಸುಪಾಸು, ಒಗೆದು ಒಗೆದು ಬಣ್ಣ ಕಳೆದ ಸೀರೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ವೈರಿನ ಬುಟ್ಟಿ. ನೋಂದಣಿ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ನಾವಿಬ್ಬರೇ ಕುಳಿತಿದ್ದಾಗ ಕೇಳಿದೆ: "ನಿಮ್ಮ ಪಾಲಿನ ಹಣವನ್ನು ನಿಮ್ಮ ಹೆಸರಿಗೇ ಡ್ರಾಫ್ಟ್ ಮಾಡಿಸಿಕೊಡಲೇ?" ವಕೀಲೆಯೂ ಹಾಗೆ ಮಾಡಬಹುದೆಂದಿದ್ದರು. ಅವಳು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು.

"ಬೇಡಕ್ಕ. ದುಡ್ಡು ಇಸ್ಕೊಂಡ್ರೆ ತವರು ಹೋಯ್ತದೆ. ಅಪ್ಪ ಅಮ್ಮ ಇಬ್ರೂ ಇಲ್ಲ. ಹಬ್ಬಕ್ಕೆ ಬಾ ಅನ್ನೋಕೆ ಇವರೇ ಇರೋದು."

ನನಗೆ ಹೇಳಲು ಏನೂ ಇರಲಿಲ್ಲ. ಅವಳ ಲೆಕ್ಕ ನನ್ನ ಲೆಕ್ಕಕ್ಕಿಂತ ತಪ್ಪೆಂದು ಹೇಳುವವಳು ನಾನಲ್ಲ. ಹೊಲಕ್ಕೆ ಗುಂಟೆಯ ಬೆಲೆಯಿದೆ, ತವರಿಗೆ ಏನು ಬೆಲೆ ಕಟ್ಟುವುದು? ಆದರೂ ಗಂಡುಮಕ್ಕಳು ಎರಡನ್ನೂ ಇಟ್ಟುಕೊಳ್ಳಬಹುದು, ಹೆಣ್ಣುಮಕ್ಕಳು ಒಂದನ್ನೇ ಆರಿಸಬೇಕು ಎಂಬ ಏರ್ಪಾಡು ಯಾವ ಕಾಯಿದೆಯ ಯಾವ ಕಲಮಿನಲ್ಲೂ ಬರೆದಿಲ್ಲ. ಬರೆಯದೆಯೂ ಅದು ನಡೆದುಕೊಂಡು ಬಂದಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಹೇಳಿದಳು. "ಬದುವಿನ ಮೇಲೆ ಹುಣಸೆ ಮರ ಐತಲ್ಲ, ನಾನು ಚಿಕ್ಕೋಳಿದ್ದಾಗ ಹಾಕಿದ್ದು. ವರ್ಷವರ್ಷ ಹಣ್ಣು ನಾನೇ ಬಡಿಸ್ತಿದ್ದೆ. ಅದೊಂದು ಬಿಡ್ತೀರಾ?"

ಕ್ರಯಪತ್ರದಲ್ಲಿ ಮರ ಮಾಳಿಗೆ ನಿಧಿ ನಿಕ್ಷೇಪಗಳ ಸಮೇತ ಎಂದೇ ಬರೆದಾಗಿತ್ತು. ಅವಳು ಹೆಬ್ಬೆಟ್ಟು ಒತ್ತಲಿಲ್ಲ, ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ರುಜು ಮಾಡಿದಳು. ಹೊರಗೆ ಬಂದು ನಾನು, "ಹಣ್ಣು ನಿಮ್ಮದೇ" ಎಂದೆ.

2002ರಲ್ಲಿ ಅಲ್ಲಿ ಎರಡು ಕೋಣೆಯ ಹೆಂಚಿನ ಮನೆ ಕಟ್ಟಿಕೊಂಡು ಹೋದೆವು. ಮಾಲೂರಿನ ಹೆಂಚು, ಮಾಲೂರಿನದೇ ಇಟ್ಟಿಗೆ. 2014ರಲ್ಲಿ ನಿವೃತ್ತಳಾಗುವವರೆಗೆ ಹನ್ನೆರಡು ವರ್ಷ ತಿಂಗಳ ಪಾಸು ಮಾಡಿಸಿ ಓಡಾಡಿದೆ. ಬೆಳಗಿನ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಹೂವಿನ ಬುಟ್ಟಿ, ಕೊತ್ತಂಬರಿ ಕಟ್ಟು, ಕರಿಬೇವಿನ ಮೂಟೆ ಎಲ್ಲದಕ್ಕೂ ಜಾಗವಿತ್ತು, ಕಾಲಿಡಲು ಮಾತ್ರ ಇರಲಿಲ್ಲ. ಅವರೆಯ ಕಾಲದಲ್ಲಿ ಎಲ್ಲರೂ ಸೇರಿ ಯಾರದೋ ಒಬ್ಬರ ಕಾಯಿ ಬಿಡಿಸಿಕೊಟ್ಟು ಸ್ಟೇಷನ್ನು ಬರುವಷ್ಟರಲ್ಲಿ ಮುಗಿಸುತ್ತಿದ್ದೆವು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತ್ತು. ಗಣಿಯ ಮನೆಗಳ ಹುಡುಗ ಹುಡುಗಿಯರು ಬೆಂಗಳೂರಿನ ಕೆಲಸಕ್ಕೆ ಅದೇ ಸಾಲಿನ ಗಾಡಿಗಳಲ್ಲಿ ಬರುತ್ತಿದ್ದರು. ನಾನು ಹೊಲದ ಆಸೆಗೆ ದೂರ ಬಂದವಳು, ಅವರು ಕಾಲ ಕೆಳಗಿನ ಕೆಲಸ ಹೋಗಿ ದೂರ ಹೊರಟವರು; ಇಬ್ಬರ ಕೈಯಲ್ಲೂ ಒಂದೇ ಬಣ್ಣದ ಪಾಸು.

ಬೇಸಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಳವೆಬಾವಿ ಹಾಕಿಸಲು ನಮಗೆ ಧೈರ್ಯವಾಗಲಿಲ್ಲ, ಸುತ್ತಮುತ್ತ ಸಾವಿರ ಅಡಿ ಕೊರೆಸಿ ಧೂಳು ಕಂಡವರಿದ್ದರು. ಮಳೆಗೆ ಬಂದಷ್ಟು ರಾಗಿ, ಸಾಲಿನ ನಡುವೆ ಅವರೆ, ಹುಚ್ಚೆಳ್ಳು. ಮನೆಗೆ ಎಂಟು ತಿಂಗಳ ಹಿಟ್ಟಿಗೆ ಸಾಕಾಗುತ್ತದೆ. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ವರ್ಷವೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದು ಗದ್ದಲವಾಗಿ, ವಿಷಯ ನ್ಯಾಯಾಲಯಕ್ಕೂ ಹೋಯಿತು. ಕೆರೆ ತುಂಬಿದ್ದನ್ನು ಕಂಡು ಕೈಮುಗಿದವರೂ ಇದ್ದಾರೆ, ಆ ನೀರಿನ ಸೊಪ್ಪು ಬೇಡ ಎನ್ನುವವರೂ ಇದ್ದಾರೆ. ನಾನಂತೂ ನಗರ ಕೊಟ್ಟದ್ದನ್ನು ಒಮ್ಮೆ ಮೂಸಿ ನೋಡಿಯೇ ತೆಗೆದುಕೊಳ್ಳುವವಳು.

2020ರಲ್ಲಿ ಸರ್ಕಾರ ಮೊದಲು ಸುಗ್ರೀವಾಜ್ಞೆಯಿಂದ, ಆಮೇಲೆ ತಿದ್ದುಪಡಿಯಿಂದ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿತು. ಅದೂ 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲವೆಂಬಂತೆ. ರೈತ ಸಂಘಟನೆಗಳು ಬೀದಿಗಿಳಿದವು. ಈಗ ಯಾರೂ ಪಹಣಿ ತೋರಿಸಬೇಕಾಗಿಲ್ಲ. ಟೀಚರಮ್ಮನೂ ಕೊಳ್ಳಬಹುದು, ಕಂಪನಿಯ ಯಜಮಾನನೂ ಕೊಳ್ಳಬಹುದು. ಆದರೆ ನಮ್ಮ ಸ್ಟೇಷನ್ನಿನ ಪಕ್ಕದಲ್ಲಿ ಇವತ್ತು ಒಂದು ಗುಂಟೆಗೆ ಕೇಳುವ ಹಣ ಅಂದು ನಾವು ಇಡೀ ಹೊಲಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು. ನನ್ನಂಥವರನ್ನು ಹೊರಗಿಟ್ಟಿದ್ದ ಬೇಲಿಯೇ ನನಗಿಂತ ದೊಡ್ಡವರನ್ನೂ ಹೊರಗಿಟ್ಟಿತ್ತು ಎಂಬುದು ಬೇಲಿ ಹೋದ ಮೇಲೆ ಎದ್ದು ಕಾಣುತ್ತದೆ. ಸುತ್ತ ಆಳೆತ್ತರದ ಕಾಂಪೌಂಡುಗಳು, ಒಳಗೆ ಹುಲ್ಲುಹಾಸು, ಭಾನುವಾರ ಬರುವ ಕಾರುಗಳು.

ಮರುವರ್ಷ ನಮ್ಮವರು ಹೊಲವನ್ನು ದಾನಪತ್ರದ ಮೂಲಕ ನನ್ನ ಹೆಸರಿಗೆ ಮಾಡಿದರು. ನಾನು ಕೇಳಿರಲಿಲ್ಲ. ಹೊಸ ಪಹಣಿ ತೆಗೆಸಿಕೊಂಡು ಬಂದು 9ನೇ ಕಾಲಮನ್ನು ಕನ್ನಡಕ ಹಾಕಿಕೊಂಡು ಓದಿ ಹೇಳಿದರು. ನನ್ನ ಇನಿಷಿಯಲ್ಲು ತಪ್ಪಾಗಿತ್ತು. ಅದನ್ನು ತಿದ್ದಿಸಲು ನಾಲ್ಕು ಸಲ ಓಡಾಡಿದೆವು.

ಹುಣಸೆ ಹಣ್ಣಿಗೆ ಅವಳು ಪ್ರತಿವರ್ಷ ಬರುತ್ತಾಳೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ, ಹೇಳಿಕಳಿಸದೆ. ಮರ ಹತ್ತಿ ಬಡಿಯಲು ಮೊದಲು ಅವಳ ಮಗ ಬರುತ್ತಿದ್ದ, ಈಗ ಮಂಡಿನೋವೆಂದು ಮೊಮ್ಮಗಳನ್ನು ಜೊತೆಗೆ ಕರೆತರುತ್ತಾಳೆ. ಹುಡುಗಿ ಬಂಗಾರಪೇಟೆಯಲ್ಲಿ ಕಾಲೇಜು ಓದುತ್ತಾಳೆ. ಜಗಲಿಯ ಮೇಲೆ ಕುಳಿತು ಓಡು ಬಿಡಿಸಿ, ನಾರು ತೆಗೆದು, ಬೀಜ ಕುಟ್ಟಿ ಮೂಟೆ ಕಟ್ಟುವಷ್ಟರಲ್ಲಿ ಸಂಜೆಯ ಗಾಡಿಯ ಹೊತ್ತಾಗುತ್ತದೆ. ನನಗೆಂದು ಒಂದು ಸೇರು ತೆಗೆದಿಡುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ಈ ವರ್ಷ ಆ ಹುಡುಗಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ, "ಅಜ್ಜೀ, ಈ ಹೊಲದ ಸರ್ವೆ ನಂಬರು ಎಷ್ಟು?" ಎಂದು ಕೇಳಿದಳು. ಅವಳ ಅಜ್ಜಿ ನನ್ನ ಮುಖ ನೋಡಿದಳು. ನಾನು ನಂಬರು ಹೇಳಿದೆ. ಹುಡುಗಿ ಹಳೆಯ ಮ್ಯುಟೇಶನ್ ಒಂದೊಂದೇ ತೆಗೆದು ಓದತೊಡಗಿದಳು. ಅಜ್ಜಿ ಹುಣಸೆ ಬೀಜ ಕುಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.